ಕುಂಡವಿಲ್ಲದೆ ಸಸಿ: ಸಸಿಮಡಿ ಮತ್ತು ಮಣ್ಣಿನ ಅಚ್ಚು

ಬೀಜ ಮೊಳೆಯಲು ಬೇಕಾದದ್ದು ತೇವ, ಗಾಳಿ ಮತ್ತು ಹದವಾದ ಬಿಸುಪು. ಕುಂಡ ಬೇಕಾಗುವುದು ಸಸಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಬೇಕಾದ ನಮಗೆ. ಕನ್ನಡನಾಡಿನಲ್ಲಿ ಸಸಿಮಡಿಗಳನ್ನು ನೋಡುತ್ತ ಬೆಳೆದು, ಈಗ ಚಳಿಗಾಲ ದೀರ್ಘವಾಗಿರುವ ಹೊರನಾಡಿನಲ್ಲಿ ಮಣ್ಣಿನ ಅಚ್ಚುಗಳ, ಅಂದರೆ ಒದ್ದೆ ಮಣ್ಣಿನ ಮಿಶ್ರಣವನ್ನು ಒತ್ತಿ ಮಾಡಿದ ಚೌಕ ಗಟ್ಟಿಗಳ ಮೇಲೆ ಸಸಿ ಎಬ್ಬಿಸುತ್ತಿರುವ ನನಗೆ, ಎರಡೂ ಕುಂಡವಿಲ್ಲದ ವಿಧಾನಗಳೇ ಆಗಿದ್ದರೂ ಒಂದು ಇನ್ನೊಂದರ ಜಾಗವನ್ನು ತುಂಬಲಾರದು ಎಂದು ಅನಿಸಿದೆ.

ಸಸಿಮಡಿಯ ಕ್ರಮ ಬಹಳ ಮಂದಿಗೆ ಗೊತ್ತು. ಸುಮಾರು 1 ಮೀಟರ್ ಅಗಲ, 15 ಸೆಂ.ಮೀ. ಎತ್ತರದ ಏರುಮಡಿಗೆ ಕಳಿತ ಗೊಬ್ಬರ ಬೆರೆಸಿ, ಸಾಲಾಗಿ ಬಿತ್ತಿ, ಹುಲ್ಲು ಹೊದಿಸಿ, ಮೊಳಕೆ ಕಂಡೊಡನೆ ಹೊದಿಕೆ ತೆಗೆದರೆ ಟೊಮೆಟೊ ಸಸಿ 25ರಿಂದ 30 ದಿನಗಳಲ್ಲಿ ನಾಟಿಗೆ ಬರುತ್ತದೆ. ಒತ್ತಾಗಿ ಬಿತ್ತಿ ನೀರು ಹೆಚ್ಚಾದರೆ ಸಸಿಗಳ ಬುಡ ಕೊಳೆತು ಸಾಲುಸಾಲಾಗಿ ಮಲಗುತ್ತವೆ. ಕೀಳುವಾಗ ಎಷ್ಟೇ ಎಚ್ಚರ ವಹಿಸಿದರೂ ಎಳೆಬೇರುಗಳು ಹರಿಯುವುದು ತಪ್ಪದು. ಟೊಮೆಟೊ, ಬದನೆ, ಮೆಣಸಿನಕಾಯಿ, ಎಲೆಕೋಸು ಈ ಪೆಟ್ಟನ್ನು ತಾಳಿಕೊಂಡು ಕೆಲವೇ ದಿನಗಳಲ್ಲಿ ಚಿಗುರುತ್ತವೆ. ಸೌತೆ, ಕುಂಬಳದಂಥ ಬಳ್ಳಿಗಳು ಅಷ್ಟು ಸುಲಭವಾಗಿ ತಾಳಿಕೊಳ್ಳುವುದಿಲ್ಲ.

ಮಣ್ಣಿನ ಅಚ್ಚಿನ ಹಿರಿಮೆ ತೋರುವುದು ಇಂಥ ಬಳ್ಳಿಗಳಲ್ಲಿಯೇ. ಜರಡಿ ಹಿಡಿದ ಕಾಂಪೋಸ್ಟ್, ತೋಟದ ಮಣ್ಣು, ಮರಳು ಮತ್ತು ಪೀಟ್ (ಜೌಗುನೆಲದಲ್ಲಿ ಅರೆಕೊಳೆತ ಸಸ್ಯಾಂಶ) ಅಥವಾ ತೆಂಗಿನ ನಾರಿನ ಪುಡಿಯನ್ನು ಕಲಸಿ, ಹಿಂಡಿದರೆ ಬೆರಳುಗಳ ನಡುವೆ ನೀರು ಜಿನುಗುವಷ್ಟು ಒದ್ದೆ ಮಾಡಬೇಕು. ಕುಂಡ ತುಂಬುವಾಗಿನ ತೇವ ಇಲ್ಲಿ ಸಾಲದು, ಅಚ್ಚು ಪುಡಿಯಾಗುತ್ತದೆ. ಲೋಹದ ಒತ್ತುಸಾಧನವನ್ನು ಈ ಮಿಶ್ರಣದೊಳಗೆ ಒತ್ತಿ ತಟ್ಟೆಯ ಮೇಲೆ ಬಿಡಿಸಿದರೆ, ನೆತ್ತಿಯಲ್ಲೊಂದು ಕುಳಿಯಿರುವ ಚೌಕ ಅಚ್ಚುಗಳು ನಿಲ್ಲುತ್ತವೆ. ಸಾಮಾನ್ಯವಾಗಿ ಬಳಸುವ ಅಳತೆಗಳು 2, 5 ಮತ್ತು 10 ಸೆಂ.ಮೀ.; ಚಿಕ್ಕದರಲ್ಲಿ ಮೊಳೆತದ್ದನ್ನು ಅಚ್ಚಿನ ಸಮೇತ ದೊಡ್ಡದರ ಕುಳಿಯಲ್ಲಿ ಕೂರಿಸಿಬಿಡಬಹುದು, ಬೇರನ್ನು ಮುಟ್ಟುವ ಪ್ರಮೇಯವೇ ಬರುವುದಿಲ್ಲ.

ಈ ವಿಧಾನವನ್ನು ನಾನು ಮೆಚ್ಚಲು ಮುಖ್ಯ ಕಾರಣ ಬೇರಿನ ವರ್ತನೆ. ಕುಂಡದ ಗೋಡೆಗೆ ತಾಗಿದ ಬೇರು ಅದರ ಉದ್ದಕ್ಕೂ ಸುತ್ತತೊಡಗುತ್ತದೆ ಮತ್ತು ನೆಲಕ್ಕೆ ನೆಟ್ಟ ಮೇಲೂ ಆ ಸುತ್ತನ್ನು ಬೇಗ ಬಿಡುವುದಿಲ್ಲ. ಅಚ್ಚಿಗೆ ಗೋಡೆಯಿಲ್ಲ, ಅಂಚು ತಲುಪಿದ ಬೇರಿನ ತುದಿ ಗಾಳಿ ಸೋಕಿ ಒಣಗಿ ನಿಲ್ಲುತ್ತದೆ, ಹಿಂದಿನಿಂದ ಕವಲುಬೇರುಗಳು ಒಡೆಯುತ್ತವೆ. ಹೀಗೆ ಅಂಚಿನಲ್ಲಿ ಕಾದು ನಿಂತ ಬೇರುಗಳು ನಾಟಿಯಾದೊಡನೆ ಎಲ್ಲ ಕಡೆಗೂ ಮಣ್ಣನ್ನು ಹಿಡಿಯುತ್ತವೆ. ಇದಕ್ಕೆ ಅಚ್ಚುಗಳ ನಡುವೆ ಕಿರಿದಾದ ಸಂದು ಇರಲೇಬೇಕು, ಇಲ್ಲದಿದ್ದರೆ ಪಕ್ಕದ ಅಚ್ಚಿಗೇ ಬೇರು ಇಳಿಯುತ್ತದೆ.

ಗೋಡೆಯಿಲ್ಲದ ಕಾರಣ ತೇವವೂ ಎಲ್ಲ ಬದಿಗಳಿಂದ ಆರಿಹೋಗುತ್ತದೆ. ಮನೆಯೊಳಗಿನ ಬೆಳಕಿನಲ್ಲಿ ಇದನ್ನು ಸಂಭಾಳಿಸಬಹುದು. ಉರಿಬಿಸಿಲಿನಲ್ಲಿ ಅಚ್ಚುಗಳನ್ನು ಸಾಕುವುದು ವ್ಯರ್ಥ ಶ್ರಮವೆಂದೇ ನನ್ನ ಅಭಿಪ್ರಾಯ, ಅಲ್ಲಿ ನೆಲದ ತಂಪನ್ನೇ ನಂಬಿರುವ ಸಸಿಮಡಿ ಮೇಲು. ಆದರೆ ಹೊರಗಿನ ನೆಲ ಹೆಪ್ಪುಗಟ್ಟಿರುವಾಗ ಸಸಿಮಡಿಯ ಮಾತೇ ಇಲ್ಲ. ಒಳಗೆ ಬೆಳೆಸಿ, ಹಿಮ ಮುಗಿದ ಮೇಲೆ ಹೊರಗೆ ಒಯ್ಯಲೇಬೇಕಾದವರಿಗೆ ಅಚ್ಚು ಹೇಳಿ ಮಾಡಿಸಿದಂತಿದೆ. ಪೀಟ್ ಬಗ್ಗೆ ಮಾತ್ರ ನನಗೆ ಸಂಕೋಚವಿದೆ. ಅದು ಸಾವಿರಾರು ವರ್ಷಗಳಲ್ಲಿ ರೂಪುಗೊಂಡ ಜೌಗುನೆಲವನ್ನು ಅಗೆದು ತೆಗೆದದ್ದು. ಚೆನ್ನಾಗಿ ತೊಳೆದು ಉಪ್ಪಿನಂಶ ಕಳೆದ ನಾರಿನ ಪುಡಿ ಅಷ್ಟು ಬಿಗಿಯಾಗಿ ಅಂಟದಿದ್ದರೂ, ಕಾಂಪೋಸ್ಟನ್ನು ತುಸು ಹೆಚ್ಚಿಸಿಕೊಂಡು ಅದನ್ನೇ ಬಳಸುವುದು ಸರಿಯೆನಿಸುತ್ತದೆ.

ಸಸಿಮಡಿ ಬಿಟ್ಟು ಪ್ಲಾಸ್ಟಿಕ್ ಪ್ರೋಟ್ರೇ (ಸಾಲು ಗುಳಿಗಳಿರುವ ಸಸಿತಟ್ಟೆ) ಹಿಡಿಯುವುದನ್ನೇ ಮುನ್ನಡೆಯೆಂದು ಭಾವಿಸುವವರಿಗೆ ನನ್ನ ವಿನಂತಿ ಇಷ್ಟೇ: ಸಸಿಯೆಬ್ಬಿಸುವ ಜಾಗವೂ ನೆಡುವ ಜಾಗವೂ ಅಕ್ಕಪಕ್ಕದಲ್ಲಿದ್ದು, ಬೆಳೆ ಟೊಮೆಟೊ, ಬದನೆಯಂಥದ್ದಾಗಿದ್ದರೆ ಮಡಿಯನ್ನೇ ಉಳಿಸಿಕೊಳ್ಳಿ, ಬಳ್ಳಿಗಳಿಗೆ ಅಚ್ಚು ಒತ್ತಿ ನೋಡಿ, ಮೂಲಂಗಿ, ಕ್ಯಾರೆಟ್‌ಗಳನ್ನು ಎರಡಕ್ಕೂ ತರದೆ ನೇರವಾಗಿ ನೆಲಕ್ಕೇ ಬಿತ್ತಿ. ಅಚ್ಚಿನ ನಾಲ್ಕೂ ಬದಿಯಲ್ಲಿ ಬಿಳಿ ಬೇರಿನ ತುದಿಗಳು ಕಂಡ ಮೇಲೆ ನಾಟಿಯನ್ನು ಮುಂದೂಡಬೇಡಿ, ಅಷ್ಟು ಸಣ್ಣ ಮಣ್ಣಿನಲ್ಲಿ ಸಸಿಯ ಪೋಷಣೆಗೆ ಆ ಬಳಿಕ ಹೆಚ್ಚೇನೂ ಉಳಿದಿರುವುದಿಲ್ಲ.