ಗೋವಾದವರು ವರದಿ ಓದಿಕೊಂಡು ಬರ್ತಾರೆ, ನಾವು?

ಹೋದ ವಾರ ಸಂಡೂರಿನಿಂದ ತಮ್ಮ ಫೋನ್ ಮಾಡಿದ್ದ. ನಮ್ಮೂರ ಪಕ್ಕದ ಅದಿರು ಗಣಿಯೊಂದು ಉತ್ಪಾದನೆ ಹೆಚ್ಚಿಸಲು ಹೊರಟಿದೆ. ಅದಕ್ಕೆ ಪರಿಸರ ಅಹವಾಲು ಸಭೆ, ಅಂದರೆ ಯೋಜನೆ ಬಗ್ಗೆ ಜನರ ಮಾತು ಕೇಳುವ ಸಭೆ, ನಡೆಯಿತಂತೆ. "ಹೆಂಗಾತು?" ಅಂದೆ. "ಹನ್ನೆರಡೂವರೆಗೆಲ್ಲಾ ಮುಗೀತಣ್ಣ. ಊಟ ಚಲೋ ಮಾಡಿಸಿದ್ರು" ಅಂದ. ಜನ ಏನು ಕೇಳಿದರು ಅಂದರೆ, ಇಬ್ಬರು ಹುಡುಗರಿಗೆ ಕೆಲಸ ಕೊಡಿ ಅಂದರಂತೆ, ಒಬ್ಬರು ಸಮುದಾಯ ಭವನ ಬೇಕು ಅಂದರಂತೆ. ಬೋರ್‌ವೆಲ್ ನೀರಿನ ಬಗ್ಗೆ? ಧೂಳಿನ ಬಗ್ಗೆ? ಲಾರಿಗಳ ಬಗ್ಗೆ? ಯಾರೂ ಕೇಳಲಿಲ್ಲ. ಗಣಿಯಿಂದ ಪರಿಸರಕ್ಕೆ ಏನಾಗುತ್ತದೆ ಅಂತ ಕಂಪನಿ ಮಾಡಿಸಿದ ವರದಿ ಯಾರಾದರೂ ನೋಡಿದ್ರಾ? "ಅದೆಲ್ಲಿರ್ತದೋ ಏನೋ" ಅಂದ.

ಆ ಮಾತು ಮನಸ್ಸಿಗೆ ಚುಚ್ಚಿತು. ನಾನಿರುವುದು ಗೋವಾದ ಬಂದರು ಊರು ವಾಸ್ಕೋದಲ್ಲಿ. ಅಹವಾಲು ಸಭೆ ಹೇಗೆ ನಡೆಯಬೇಕು ಅಂತ ನಾನು ಕಣ್ಣಾರೆ ಕಂಡದ್ದು ಇಲ್ಲೇ.

ಅದು 2017ರ ಏಪ್ರಿಲ್ ಕೊನೆ. ಮರ್ಮಗೋವಾ ಬಂದರಿನಲ್ಲಿ ಕಲ್ಲಿದ್ದಲು ಇಳಿಸುವ ಪ್ರಮಾಣ ಹೆಚ್ಚಿಸಬೇಕು, ಭಾರೀ ಹಡಗುಗಳು ಬರಲು ಹೂಳೆತ್ತಿ ಸಮುದ್ರದ ದಾರಿ ಆಳ ಮಾಡಬೇಕು ಅಂತ ಯೋಜನೆಗಳಿದ್ದವು. ಸಭೆ ಒಂದು ದಿನಕ್ಕೆ ಮುಗಿಯಲಿಲ್ಲ, ದಿನಗಟ್ಟಲೆ ನಡೆಯಿತು. ಮೀನುಗಾರರು, ಡಾಕ್ಟರುಗಳು, ಮೇಷ್ಟ್ರುಗಳು, ಕಾಲೇಜು ಹುಡುಗರು, ಎಲ್ಲರೂ ಸರದಿಯಲ್ಲಿ ನಿಂತು ಮಾತಾಡಿದರು. ಮೀನು ಮಾರುವ ಒಬ್ಬ ಹೆಂಗಸು ನನಗೆ ಇನ್ನೂ ನೆನಪಿದ್ದಾರೆ. ಪ್ಲಾಸ್ಟಿಕ್ ಚೀಲದಲ್ಲಿ ವರದಿಯ ಜೆರಾಕ್ಸ್ ಹಾಳೆಗಳನ್ನು ಸುತ್ತಿಟ್ಟುಕೊಂಡು ಬಂದಿದ್ದರು. ಹಾಳೆಯ ಮೂಲೆಗಳು ಒದ್ದೆಯಾಗಿ ಮಡಚಿಹೋಗಿದ್ದವು. ನಕ್ಷೆ ಇದ್ದ ಹಾಳೆ ತೆಗೆದು, ಕೊಂಕಣಿಯಲ್ಲಿ, "ನಾವು ದೋಣಿ ಎಳೆದು ನಿಲ್ಲಿಸುವ ಜಾಗ ಇದರಲ್ಲಿ ಎಲ್ಲಿದೆ? ಬೆರಳಿಟ್ಟು ತೋರಿಸಿ" ಅಂದರು. ತೋರಿಸುವ ತನಕ ಮೈಕ್ ಬಿಡಲಿಲ್ಲ.

ಆ ಸಭೆಯೂ ಸುಮ್ನೆ ಬಂದದ್ದಲ್ಲ. ಹೂಳೆತ್ತುವ ಕೆಲಸಕ್ಕೆ ಮೊದಲು ಸಭೆಯೇ ಬೇಡ ಅಂತ ವಿನಾಯಿತಿ ಸಿಕ್ಕಿತ್ತು. ವಾಸ್ಕೋದ ಮೀನುಗಾರರು ಪುಣೆಯ ಹಸಿರು ನ್ಯಾಯಮಂಡಳಿಗೆ ಹೋದರು. 2016ರಲ್ಲಿ ಆ ಅನುಮತಿ ರದ್ದಾಯಿತು. ಅಂದರೆ ಇವರು ಸಭೆಗಾಗಿ ಕೇಸು ಹಾಕಿ ಗೆದ್ದವರು. ನಾವು ನಮ್ಮ ಮನೆ ಬಾಗಿಲಿಗೆ ಬಂದ ಸಭೆಯನ್ನು ಊಟದ ಹೊತ್ತಿಗೆ ಮುಗಿಸಿ ಏಳುತ್ತೇವೆ.

ಕಾನೂನು ಎರಡೂ ಕಡೆ ಒಂದೇ. ಪರಿಸರ ಪರಿಣಾಮ ಅಂದಾಜಿನ ಬಗ್ಗೆ ಕೇಂದ್ರ ಹೊರಡಿಸಿದ 2006ರ ಅಧಿಸೂಚನೆ ಪ್ರಕಾರ ಮೂವತ್ತು ದಿನ ಮೊದಲು ಪೇಪರಿನಲ್ಲಿ ಪ್ರಕಟಣೆ ಕೊಡಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯ್ತಿಯಲ್ಲಿ ನೋಡಲು ಸಿಗಬೇಕು. ಸ್ಥಳೀಯ ಭಾಷೆಯಲ್ಲಿ ಸಾರಾಂಶ ಇರಬೇಕು. ಸಭೆಯ ಪೂರ್ತಿ ವಿಡಿಯೋ ಆಗಬೇಕು. ಕೊನೆಗೆ ನಡಾವಳಿಯನ್ನು ಜನರ ಭಾಷೆಯಲ್ಲೇ ಓದಿ ಹೇಳಿ ಆಮೇಲೆ ಸಹಿ ಹಾಕಬೇಕು. ಆದರೆ ಇಷ್ಟು ಜನ ಬರಲೇಬೇಕು ಅನ್ನುವ ಕೋರಂ ಮಾತ್ರ ಇಲ್ಲ. ನಾವು ಹೋಗದಿದ್ದರೂ, ಹೋಗಿ ಬಾಯಿ ಮುಚ್ಚಿಕೊಂಡು ಕೂತರೂ ಸಭೆ ನಡೆದ ಲೆಕ್ಕವೇ. ಇರುವ ಈ ಅವಕಾಶವೂ ಕಮ್ಮಿಯಾಗುತ್ತಿದೆ. ಕಲ್ಲಿದ್ದಲು ಗಣಿಗಳು ಅದೇ ಗುತ್ತಿಗೆ ಜಾಗದೊಳಗೆ ಉತ್ಪಾದನೆ ಹೆಚ್ಚಿಸುವುದಾದರೆ, ಹೊಸ ಅಹವಾಲು ಸಭೆ ಇಲ್ಲದೆಯೂ ಒಂದು ಮಿತಿಯವರೆಗೆ ಹೆಚ್ಚಿಸಲು ಕೇಂದ್ರ ಸರ್ಕಾರ ರಿಯಾಯಿತಿ ಕೊಟ್ಟಿದೆ. ಅದಿರಿನ ವಿಷಯದಲ್ಲಿ ಇಂಥ ರಿಯಾಯಿತಿ ಕೊಟ್ಟರೆ ನಮ್ಮೂರಲ್ಲಿ ಯಾರಿಗಾದರೂ ಗೊತ್ತಾಗುತ್ತದೆಯೇ?

ಗೋವಾದವರ ಇನ್ನೊಂದು ಗುಣ ನನಗೆ ಬಹಳ ಹಿಡಿಸಿತು. ತಮ್ಮ ಮುಂದೆ ಇಟ್ಟ ಕಾಗದದಾಚೆಗೂ ನೋಡುತ್ತಾರೆ. ಬಂದರಿಗೆ ಒಂದು ವರದಿ. ರೈಲು ಮಾರ್ಗಕ್ಕೆ ಆ ಅಧಿಸೂಚನೆಯಲ್ಲಿ ಜಾಗವೇ ಇಲ್ಲ, ಹಾಗಾಗಿ ವರದಿಯೂ ಇಲ್ಲ, ಸಭೆಯೂ ಇಲ್ಲ. ಆದರೆ ಬಂದರಿನಲ್ಲಿ ಇಳಿದ ಕಲ್ಲಿದ್ದಲು ಹೋಗುವುದು ಅದೇ ರೈಲಿನಲ್ಲಿ ಅಲ್ವಾ? ಎಲ್ಲವನ್ನೂ ಕೂಡಿಸಿ ಲೆಕ್ಕ ತೋರಿಸಿ ಅಂತ ಇವರು ಪಟ್ಟು ಹಿಡಿದರು. 2020ರ ನವೆಂಬರ್‌ನಲ್ಲಿ ಚಾಂದೋರ್‌ನಲ್ಲಿ ಸಾವಿರಾರು ಜನ ರಾತ್ರಿಯೆಲ್ಲಾ ಹಳಿ ಹತ್ತಿರ ಕೂತು ಆ ರೈಲಿಗೆ ಎರಡನೇ ಹಳಿ ಹಾಕುವ ಜೋಡಿ ಮಾರ್ಗ ಬೇಡ ಅಂದರು. 2022ರ ಮೇನಲ್ಲಿ ಸುಪ್ರೀಂ ಕೋರ್ಟ್, ಕಾಡಿನೊಳಗೆ ಹಾಯುವ ತಿನೈಘಾಟ್–ಕ್ಯಾಸಲ್‌ರಾಕ್–ಕುಳೆಂ ಭಾಗದ ಜೋಡಿ ಮಾರ್ಗಕ್ಕೆ ಕೊಟ್ಟಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ತೆಗೆದುಹಾಕಿತು.

ಆ ರೈಲು ಹೋಗುವುದು ಎಲ್ಲಿಗೆ? ಲೋಂಡಾ, ಹುಬ್ಬಳ್ಳಿ, ಗದಗ, ಕೊಪ್ಪಳ ದಾಟಿ ನಮ್ಮ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ. ಆಸ್ಟ್ರೇಲಿಯಾದಂಥ ದೂರದ ದೇಶಗಳ ತೆರೆದ ಗಣಿಗಳಲ್ಲಿ ತೆಗೆದ ಕಲ್ಲಿದ್ದಲು ವಾಸ್ಕೋದಲ್ಲಿ ಇಳಿದು, ನಮ್ಮ ಜಿಲ್ಲೆಯಲ್ಲಿ ಅದಿರಿನ ಜೊತೆ ಉರಿಯುತ್ತದೆ. ವಾಸ್ಕೋದ ಮಾಂಗೋರ್ ಹಿಲ್‌ನ ನಮ್ಮ ಮನೆ ಕಿಟಕಿಯ ಜಾಲರಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಕಪ್ಪಾಗುತ್ತದೆ. ಸಂಡೂರಿನಲ್ಲಿ ಅಮ್ಮ ಒರೆಸಿದರೆ ಕೆಂಪಾಗುತ್ತದೆ. ಎರಡು ಊರಿನ ಧೂಳೂ ಒಂದೇ ಉಕ್ಕಿನದು. ಒಂದು ಊರು ಅದನ್ನು ಪ್ರಶ್ನೆ ಮಾಡುತ್ತದೆ, ಇನ್ನೊಂದು ಒರೆಸಿಕೊಂಡು ಸುಮ್ಮನಿರುತ್ತದೆ. 2011ರಲ್ಲಿ ಬಳ್ಳಾರಿಯ ಗಣಿಗಳನ್ನು ಸುಪ್ರೀಂ ಕೋರ್ಟೇ ನಿಲ್ಲಿಸಬೇಕಾಯಿತು. ಅಷ್ಟೆಲ್ಲಾ ಆದ ಮೇಲೂ ನಾವು ಓದುವುದು ಕಲಿಯಲಿಲ್ಲವಲ್ಲ ಅಂತ ಸಿಟ್ಟು ಬರುತ್ತದೆ.

ಆದರೂ ಕೆಲವು ಮಾತು ಹೇಳಲೇಬೇಕು. ಗೋವಾದ ಗಣಿಗಳೂ 2012ರಲ್ಲಿ ನಿಂತದ್ದು ಮೊದಲು ರಾಜ್ಯ ಸರ್ಕಾರದ, ಆಮೇಲೆ ಸುಪ್ರೀಂ ಕೋರ್ಟಿನ ಆದೇಶದಿಂದಲೇ. ಅಷ್ಟು ಜನ ಬೇಡ ಅಂದರೂ ವಾಸ್ಕೋಗೆ ಕಲ್ಲಿದ್ದಲು ಬರುವುದು ನಿಂತಿಲ್ಲ. ಇನ್ನು ನಮ್ಮಲ್ಲಿ ಓದಿ ಎದುರಿಸಿದವರೇ ಇಲ್ಲ ಅಂದರೆ ಅದೂ ಸುಳ್ಳು. ಪರಿಸರ ವರದಿ ಕಡ್ಡಾಯವಾದದ್ದು 1994ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಶಿರಸಿಯ ತೋಟಗಾರರು ವಿಜ್ಞಾನಿಗಳನ್ನು ಕರೆಸಿ ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭ-ನಷ್ಟದ ಲೆಕ್ಕ ಹಾಕಿಸಿದ್ದರು.

ಇಲ್ಲಿನ ಸಭೆಯಲ್ಲಿ ನಮ್ಮವರ ದನಿ ನನಗೆ ಕೇಳಿಸಿದ್ದು ಬಹಳ ಕಮ್ಮಿ. ಗದಗ, ಹಾವೇರಿ, ಕೊಪ್ಪಳದಿಂದ ಬಂದು ಬಂದರಿನ ಸುತ್ತ ಕೂಲಿ ಮಾಡುವವರೇ ಆ ಧೂಳನ್ನು ಎಲ್ಲರಿಗಿಂತ ಜಾಸ್ತಿ ಕುಡಿಯುತ್ತಾರೆ. ಆದರೆ ಮೈಕ್ ಹಿಡಿದರೆ ನಾಳೆ ಕೆಲಸ ಇರುತ್ತೋ ಇಲ್ಲವೋ. ಸಂಡೂರಲ್ಲೂ ಮಗ ಗಣಿಯ ಟಿಪ್ಪರ್ ಓಡಿಸುವಾಗ ಅಪ್ಪ ಎದ್ದು ನಿಂತು ಕೇಳುವುದು ಕಷ್ಟ. ನನ್ನ ಗೋವಾ ನೆರೆಯವರಿಗೆ ಸ್ವಂತ ಮನೆ ಇದೆ, ಪೆನ್ಷನ್ ಇದೆ, ಹೊರದೇಶದ ದುಡಿಮೆ ಇದೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೆ ಲಿಖಿತ ಆಕ್ಷೇಪಕ್ಕೆ ಮೈಕ್ ಬೇಕಿಲ್ಲ. ಹತ್ತು ಮನೆಯವರು ಸೇರಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕನ್ನಡದಲ್ಲೇ ಒಂದು ಕಾಗದ ಬರೆದರೂ, ಅದರಲ್ಲಿರುವ ಪ್ರಶ್ನೆಗೆ ಕಂಪನಿ ತನ್ನ ಅಂತಿಮ ವರದಿಯಲ್ಲಿ ಉತ್ತರ ಕೊಡಬೇಕು.