ಮೋರಿಯಿಂದ ಒಂದು ಮೊಳ

ನವೆಂಬರ್ ಬಂತೆಂದರೆ ನಮ್ಮ ಬೀದಿಗೆ ಒಂದು ರಾಕ್ಷಸ ಬರುತ್ತದೆ. ಟ್ರ್ಯಾಕ್ಟರಿನಂಥ ಮೈ, ಮೂತಿಯಲ್ಲಿ ಏಡಿ ಕೊಂಡಿಯ ಹಾಗೆ ಎರಡು ಕಬ್ಬಿಣದ ಪಂಜ. ಮನೆಮನೆ ಮುಂದೆ ರಸ್ತೆ ಮೇಲೆ ಗುಡ್ಡೆ ಹಾಕಿಟ್ಟ ತರಗೆಲೆಯನ್ನು ಎರಡೂ ಕಡೆಯಿಂದ ತಬ್ಬಿ, ಎತ್ತಿ, ಜೊತೆಗೆ ಬರುವ ಲಾರಿಯ ಬಾಯಿಗೆ ತುರುಕಿ ಮುಂದಿನ ಮನೆಗೆ ಹೋಗುತ್ತದೆ. ಊರಿನವರೆಲ್ಲ ಇದನ್ನು ‘ಕ್ಲಾ’, ಅಂದರೆ ಪಂಜ, ಅಂತಲೇ ಕರೆಯುವುದು. ನಮ್ಮಮ್ಮ ಬಕಾಸುರ ಅಂತ ಹೆಸರಿಟ್ಟಿದ್ದಾಳೆ. ಬಂಡಿ ಅನ್ನ ತಿಂದವನಿಗೆ ಬಂಡಿ ಎಲೆ ಯಾವ ಲೆಕ್ಕ ಅಂತ ಅವಳ ವಾದ.

ಊರು ಡೇವಿಸ್. ಕ್ಯಾಲಿಫೋರ್ನಿಯಾದಲ್ಲಿ, ಸ್ಯಾಕ್ರಮೆಂಟೊದಿಂದ ಸ್ವಲ್ಪ ಪಶ್ಚಿಮಕ್ಕಿದೆ. ಸುಮಾರು 67 ಸಾವಿರ ಜನ, ಅಂದರೆ ನಮ್ಮ ಅರಸೀಕೆರೆಗಿಂತ ಸ್ವಲ್ಪ ದೊಡ್ಡದು. ಯೂನಿವರ್ಸಿಟಿ ಇರೋದರಿಂದ ಹೆಸರು ಮಾತ್ರ ಊರಿಗಿಂತ ದೊಡ್ಡದು. ಅಮ್ಮ ಆರು ತಿಂಗಳಿಗೆ ಅಂತ ಬಂದಾಗ ಮೊದಲ ವಾರ ಕೇಳಿದ ಪ್ರಶ್ನೆ, "ಇಲ್ಲಿ ಮುನ್ಸಿಪಾಲ್ಟಿ ಎಲ್ಲಿದೆ?" ಅವಳಿಗೆ ಊರು ಅರ್ಥವಾಗೋದು ಹಾಗೆ. ದೇವಸ್ಥಾನ, ಸಂತೆ, ಮುನ್ಸಿಪಾಲ್ಟಿ.

ಉತ್ತರ ಕೊಡೋದು ಅಷ್ಟು ಸುಲಭವಾಗಿರಲಿಲ್ಲ. ಸಿಟಿ ಹಾಲ್ ತೋರಿಸಿದೆ. ಆದರೆ ಲೈಬ್ರರಿ ಸಿಟಿಯದಲ್ಲ, ಯೋಲೋ ಕೌಂಟಿಯದು, ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಶಾಲೆಗಳು ಅವರಿಬ್ಬರದೂ ಅಲ್ಲ, ಅದಕ್ಕೆ ಬೇರೆ ಮಂಡಳಿ, ಅದಕ್ಕೆ ಬೇರೆ ಚುನಾವಣೆ. ಕ್ಯಾಂಪಸ್ ಗಡಿ ದಾಟಿದರೆ ಯೂನಿವರ್ಸಿಟಿಯದೇ ಪೊಲೀಸು, ಯೂನಿವರ್ಸಿಟಿಯದೇ ಫೈರ್ ಇಂಜಿನ್. ನೀರು 2016ರಿಂದ ಸ್ಯಾಕ್ರಮೆಂಟೊ ನದಿಯದು, ಪಕ್ಕದ ವುಡ್‌ಲೆಂಡ್ ಊರಿನ ಜೊತೆ ಸೇರಿ ತರಿಸಿಕೊಂಡದ್ದು. ಅದಕ್ಕೂ ಮೊದಲು ಬರೀ ಬೋರ್‌ವೆಲ್ಲು, ಗಡಸು ನೀರು. ಇನ್ನು ಬಸ್ಸು! ಅದು ವಿದ್ಯಾರ್ಥಿಗಳದು. 1968ರಲ್ಲಿ ವಿದ್ಯಾರ್ಥಿ ಸಂಘದವರು ಲಂಡನ್ನಿನಿಂದ ಎರಡು ಹಳೇ ಡಬಲ್ ಡೆಕ್ಕರ್ ತಂದು ಶುರುಮಾಡಿದ ‘ಯೂನಿಟ್ರಾನ್ಸ್’ ಈಗಲೂ ಊರಿಡೀ ಓಡುತ್ತದೆ, ಓಡಿಸುವವರೂ ವಿದ್ಯಾರ್ಥಿಗಳೇ. ಮೊದಲ ದಿನ ಸ್ಟೀರಿಂಗ್ ಹಿಂದೆ ಕೂತ ಹುಡುಗಿಯನ್ನು ನೋಡಿ ಅಮ್ಮ ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡೇ ಕೂತಿದ್ದಳು. "ಇದಕ್ಕೆ ನಾಳೆ ಪರೀಕ್ಷೆ ಇದ್ದರೆ ಬಸ್ಸು ಯಾರೋ ಹೊಡೆಯೋದು?"

ಮೇಯರ್ ಯಾರು ಅಂದಳು. ಇಲ್ಲಿ ಜನ ನೇರವಾಗಿ ಮೇಯರ್ ಆರಿಸೋದಿಲ್ಲ. ಐದು ವಾರ್ಡು, ಐದು ಕೌನ್ಸಿಲರು, ಅವರಲ್ಲೇ ಸರದಿಯಂತೆ ಒಬ್ಬರು ಮೇಯರ್. ದಿನದಿನದ ಕೆಲಸ ನೋಡಿಕೊಳ್ಳೋದು ಸಂಬಳಕ್ಕಿರುವ ಸಿಟಿ ಮ್ಯಾನೇಜರ್. "ಹಂಗಾದ್ರೆ ಮೇಯರ್ ಏನು ಮಾಡ್ತಾರೆ?" ನಾನು, ಮೀಟಿಂಗ್ ನಡೆಸ್ತಾರಮ್ಮ ಅಂದೆ. ಅವಳಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ.

ಮೀಟಿಂಗ್ ಮಾತ್ರ ಹಿಡಿಸಿತು. ಮಂಗಳವಾರ ಸಂಜೆ ಕೌನ್ಸಿಲ್ ಸಭೆಯನ್ನು ಮನೆಯಲ್ಲೇ ಕೂತು ನೋಡಬಹುದು. ಅಮ್ಮನಿಗೆ ಇಂಗ್ಲಿಷ್ ಅರ್ಧ ಅರ್ಥವಾಗುತ್ತದೆ, ಆದರೆ ಜಗಳಕ್ಕೆ ಅಷ್ಟು ಸಾಕು ಅಲ್ವಾ. ಕ್ಯಾಲಿಫೋರ್ನಿಯಾದಲ್ಲಿ 1953ರಿಂದ ಒಂದು ಕಾನೂನಿದೆ, ಬ್ರೌನ್ ಆಕ್ಟ್ ಅಂತ. ಸಾಮಾನ್ಯ ಸಭೆಯಾದರೆ ಏನೇನು ಚರ್ಚೆ ಅನ್ನೋ ಪಟ್ಟಿಯನ್ನು 72 ಗಂಟೆ ಮೊದಲೇ ಹಾಕಬೇಕು, ಬಂದ ಜನರಿಗೆ ಮಾತಾಡಲು ಬಿಡಬೇಕು. ಹಾಗಾಗಿ ಒಬ್ಬೊಬ್ಬರೇ ಎದ್ದು ಬಂದು ಮೈಕಿನ ಮುಂದೆ ಎರಡೋ ಮೂರೋ ನಿಮಿಷ ಹೇಳಿಕೊಳ್ಳುತ್ತಾರೆ. ಒಬ್ಬರದು ಮರ ಕಡಿಯಬೇಡಿ, ಇನ್ನೊಬ್ಬರದು ಪಕ್ಕದ ಮನೆ ಗಲಾಟೆ, ಮತ್ತೊಬ್ಬರದು ಪಾರ್ಕಿನ ದೀಪ. ಗಲಾಟೆ ವಿಷಯದಲ್ಲಿ ಈ ಊರಿಗೆ ಇತಿಹಾಸವೇ ಇದೆ. 90ರ ದಶಕದಲ್ಲಿ ಒಬ್ಬ ಹೆಂಗಸು ರಾತ್ರಿ ಗೊರಕೆ ಹೊಡೆದರು ಅಂತ ಪಕ್ಕದ ಮನೆಯವರು ದೂರು ಕೊಟ್ಟು, ಪೊಲೀಸರು ಶಬ್ದ ನಿಯಮದಡಿ ದಂಡದ ಚೀಟಿ ಬರೆದಿದ್ದರು. ಈ ಕತೆ ಹೇಳಿದ ರಾತ್ರಿ ಅಮ್ಮ ಕಿಟಕಿ ಮುಚ್ಚಿ ಮಲಗಿದಳು.

ಕಪ್ಪೆಯ ಕತೆ ಕೇಳಿ ಮಾತ್ರ ಮೊದಲು ನಂಬಲೇ ಇಲ್ಲ. ಪೋಲ್ ಲೈನ್ ರೋಡ್‌ನಲ್ಲಿ ಹೈವೇ ಮೇಲೆ ಹೊಸ ಸೇತುವೆ ಕಟ್ಟುವಾಗ ಅಲ್ಲಿನ ನೆಲಗಪ್ಪೆಗಳು ಗಾಡಿ ಚಕ್ರಕ್ಕೆ ಸಿಕ್ಕಿ ಸಾಯುತ್ತವೆ ಅಂತ ಜನ ಒತ್ತಾಯ ಮಾಡಿದರು. 1995ರಲ್ಲಿ ರಸ್ತೆಯ ಕೆಳಗೆ ಕಪ್ಪೆಗಳಿಗೇ ಅಂತ ಒಂದು ಸುರಂಗವಾಯಿತು. ಸುಮಾರು 14 ಸಾವಿರ ಡಾಲರ್ ಖರ್ಚು. ದೇಶದ ಟಿವಿಯವರೆಲ್ಲ ಬಂದು ನಕ್ಕು ಹೋದರು. ಊರಿನವರೂ ನಕ್ಕರು, ಆದರೆ ನಗುತ್ತಲೇ ಸುರಂಗದ ಬಾಯಿಯ ಹತ್ತಿರ, ಪೋಸ್ಟ್ ಆಫೀಸಿನ ಪಕ್ಕ, ಕಪ್ಪೆಗಳಿಗೆ ಪುಟ್ಟ ಪುಟ್ಟ ಮನೆಗಳನ್ನೂ ಕಟ್ಟಿಟ್ಟರು. ಭಾನುವಾರ ಕರೆದುಕೊಂಡು ಹೋಗಿ ತೋರಿಸಿದೆ. ಅಮ್ಮ ಬಗ್ಗಿ ಒಂದೊಂದೇ ಮನೆ ನೋಡಿದಳು. "ಮನೆ ಕಟ್ಟಿದ್ದಾರೆ ಸರಿ, ಮದುವೆ ಮಾಡಿಸಿದ್ರಾ?" ನಮ್ಮ ಕಡೆ ಮಳೆ ಕೈಕೊಟ್ಟಾಗ ಊರ ಜನವೇ ನಿಂತು ಕಪ್ಪೆಗೆ ಮದುವೆ ಮಾಡಿಸಿದ್ದನ್ನು ಅವಳು ಕಣ್ಣಾರೆ ಕಂಡವಳು. ಕಪ್ಪೆಗೆ ಸುರಂಗ ತೋಡುವವರನ್ನು ಅವಳು ಹುಚ್ಚರು ಅನ್ನಲಿಲ್ಲ, ಅರ್ಧ ಕೆಲಸ ಮಾಡಿದವರು ಅಂದಳು ಅಷ್ಟೆ.

ಸರಿ, ಎಲೆಗೆ ಬರೋಣ. ಈ ಊರಿನಲ್ಲಿ ಎರಡು ಹುಚ್ಚು. ಒಂದು ಮರ. ಬೇಸಿಗೆಯಲ್ಲಿ 38, 40 ಡಿಗ್ರಿ ಹೊಡೆಯುವ ಬಯಲುಸೀಮೆಯಲ್ಲಿ ಬೀದಿ ಬೀದಿಗೂ ನೆರಳು ಬೆಳೆಸಿದ್ದಾರೆ, ಆ ಮರಗಳೆಲ್ಲ ಚಳಿಗಾಲಕ್ಕೆ ಮುಂಚೆ ಎಲೆ ಉದುರಿಸಿಬಿಡುತ್ತವೆ. ಇನ್ನೊಂದು ಸೈಕಲ್. ಅಮೆರಿಕದಲ್ಲೇ ಮೊದಲು, 1967ರಲ್ಲಿ, ರಸ್ತೆ ಮೇಲೆ ಗೆರೆ ಎಳೆದು ಸೈಕಲ್ಲಿಗೆ ಅಂತ ಜಾಗ ಬಿಟ್ಟ ಊರು ಇದು. ನಗರಸಭೆಯ ಲಾಂಛನವೇ ಮುಂದೆ ದೊಡ್ಡ ಚಕ್ರ ಹಿಂದೆ ಚಿಕ್ಕ ಚಕ್ರದ ಹಳೇ ಕಾಲದ ಸೈಕಲ್ಲು. ಈಗ ನೋಡಿ, ಎಲೆ ರಾಶಿ ಹಾಕೋದೂ ರಸ್ತೆ ಅಂಚಿಗೆ, ಸೈಕಲ್ ಹೋಗೋದೂ ರಸ್ತೆ ಅಂಚಿಗೆ. ಅದೇ ನಾಲ್ಕೈದು ಅಡಿ ಜಾಗಕ್ಕೆ ಎರಡು ಹುಚ್ಚೂ ಬಂದು ನಿಂತರೆ ಮಂಗಳವಾರದ ಮೀಟಿಂಗಿಗೆ ಜನ ಬಾರದೆ ಇರ್ತಾರಾ? ಸೈಕಲ್ ಲೇನಿನಲ್ಲಿ ರಾಶಿ ಹಾಕಬಾರದು ಅಂತ ನಿಯಮವಿದೆ. ಎಲೆಗೆ ನಿಯಮ ಓದಲು ಬರೋದಿಲ್ಲ.

ನಾನು ಸೈಕಲ್ಲಿನವರ ಪಕ್ಷ. ಕಾರಣವಿದೆ. ಒಂದು ರಾತ್ರಿ ಲೈಬ್ರರಿಯಿಂದ ಬರುವಾಗ ಸೈಕಲ್ ಸಮೇತ ಎಲೆ ರಾಶಿಗೆ ನುಗ್ಗಿ ಬಿದ್ದೆ. ಪೆಟ್ಟೇನೂ ಆಗಲಿಲ್ಲ, ಮೆತ್ತಗಿತ್ತು. ಎದ್ದು, ಯಾರಪ್ಪಾ ಈ ಬೇಜವಾಬ್ದಾರಿ ಮನುಷ್ಯ ಅಂತ ಬೈಯುತ್ತಾ ಮನೆ ನಂಬರು ನೋಡಿದರೆ ನನ್ನದೇ ಮನೆ. ವಾಷಿಂಗ್ಟನ್ನಿನ ಸರ್ಕಾರ ನನಗೆ ಬರೀ ಸುದ್ದಿ. ಈ ಸರ್ಕಾರ ಮಾತ್ರ ನನ್ನ ಮುಂದಿನ ಚಕ್ರಕ್ಕೇ ಸಿಕ್ಕಿದ್ದು.

ಮೊದಲೆಲ್ಲ ಕ್ಲಾ ವರ್ಷಪೂರ್ತಿ ವಾರವಾರ ಬರುತ್ತಿತ್ತಂತೆ. ಮನೆಗೊಂದು ಹಸಿ ಕಸದ ಡಬ್ಬಿ ಕೊಟ್ಟ ಮೇಲೆ ಅದರ ಓಡಾಟ ಕಮ್ಮಿಯಾಗಿದೆ, ಎಲೆ ಉದುರುವ ಕಾಲಕ್ಕಷ್ಟೇ ವಾರವಾರ. ಆ ಡಬ್ಬಿಗೆ ಎಲೆ, ಹುಲ್ಲು, ಅಡುಗೆಮನೆ ಕಸ ಎಲ್ಲ ಹೋಗುತ್ತದೆ. ಆಹಾರದ ಕಸ ಗುಂಡಿಗೆ ಹೋಗಬಾರದು, ಗೊಬ್ಬರವಾಗಬೇಕು ಅಂತ 2022ರಿಂದ ಇಡೀ ರಾಜ್ಯಕ್ಕೇ ಕಾನೂನು. ನಾನು ಇದನ್ನು ದೊಡ್ಡ ಸುಧಾರಣೆ ಅನ್ನೋ ಹಾಗೆ ವಿವರಿಸಿದೆ. ಅಮ್ಮ ಕಾಫಿ ಚರಟ ಸುರಿಯುತ್ತಾ, "ತಿಪ್ಪೆ ಅನ್ನು, ಸಾಕು" ಅಂದಳು. ಆಮೇಲೆ ಕಾಯಿ ಚಿಪ್ಪು ಯಾವ ಡಬ್ಬಿಗೆ ಅಂತ ಕೇಳಿದಳು. ಮೂರು ಡಬ್ಬಿ ಇದೆ, ಮೂರರ ಮುಂದೆಯೂ ನಿಂತು ಯೋಚಿಸಿದೆ. ಕೊನೆಗೆ ಅವಳೇ ಚಿಪ್ಪನ್ನು ಒಳಗೆ ತಗೊಂಡು ಹೋಗಿ ಉಪ್ಪು ಹಾಕಿಟ್ಟಳು.

ಕ್ಲಾ ಬರುವ ಹಿಂದಿನ ದಿನ ಇಬ್ಬರೂ ಎಲೆ ಗುಡಿಸಲು ಇಳಿದೆವು. ಮೋರಿಗೆ ಒತ್ತಿ ಹಾಕಬೇಡಮ್ಮ, ಮಳೆ ಬಂದರೆ ನೀರು ಹರಿಯಬೇಕು, ಒಂದೂವರೆ ಅಡಿ ಜಾಗ ಬಿಡೋಣ ಅಂದೆ. "ಒಂದು ಮೊಳ ಅನ್ನಬಾರದಾ?" ಅಂತ ಅವಳು ಕೂತು, ಮೊಣಕೈಯನ್ನು ಮೋರಿ ಅಂಚಿಗೆ ಊರಿ, ಬೆರಳ ತುದಿ ಮುಟ್ಟಿದ ಕಡೆ ಒಂದು ಕಡ್ಡಿ ಇಟ್ಟಳು. ಎದುರು ಮನೆಯ ಅಜ್ಜಿ, ಎಂಬತ್ತರ ಹತ್ತಿರದವರು, ಕುಂಟೆ ಹಿಡಿದು ನಿಂತು ಇದನ್ನೇ ನೋಡುತ್ತಿದ್ದರು. ರಸ್ತೆ ದಾಟಿ ಬಂದು ಏನಿದು ಅಂತ ಕೇಳಿದರು. ನಮ್ಮೂರಲ್ಲಿ ಹೂವು ಹೀಗೇ ಅಳೆದು ಮಾರುತ್ತಾರೆ ಅಂತ ನಾನು ಹೇಳಿದೆ. ಅವರಿಗೆ ಖುಷಿಯಾಗಿ ತಾವೂ ಬಗ್ಗಿ, ಅಮ್ಮನ ಕೈ ಪಕ್ಕದಲ್ಲೇ ತಮ್ಮ ಕೈ ಚಾಚಿದರು. ಅವರ ಮೊಳ ಅಮ್ಮನ ಮೊಳಕ್ಕಿಂತ ನಾಲ್ಕು ಬೆರಳು ಜಾಸ್ತಿ ಬಂತು.

ಅಮ್ಮ ಕಡ್ಡಿಯನ್ನು ಅಷ್ಟು ದೂರ ಸರಿಸಿ, ನನ್ನ ಕಡೆ ತಿರುಗಿ ಹೇಳಿದಳು: "ಹೂವು ತಗೊಂಡ್ರೆ ಇವರ ಹತ್ರ ತಗೋಬೇಕು ಕಣೋ."