ಅಡಿಕೆ ಕಾಯುತ್ತದೆ, ಕೊಕ್ಕೊ ಕಾಯುವುದಿಲ್ಲ

ಸಪ್ಲೈ ಚೈನ್, ಅಂದರೆ ಮಾಲು ಬೆಳೆದವನಿಂದ ಬಳಸುವವನವರೆಗೆ ಸಾಗುವ ಸರಪಳಿ, ಅಂದಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬೆಂಗಳೂರಿನ ಎಸಿ ಆಫೀಸು, ಎಕ್ಸೆಲ್ ಶೀಟು, ಕುತ್ತಿಗೆಗೆ ನೇತುಹಾಕಿದ ಐಡಿ ಕಾರ್ಡು. ಆ ಸರಪಳಿಯ ಇನ್ನೊಂದು ತುದಿ ಕೇರಳದ ಗಡಿಜಿಲ್ಲೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಅಡಿಕೆ ತೋಟದೊಳಗೆ ಇದೆ ಅಂತ ಹೇಳಿದರೆ ನಗುತ್ತಾರೆ. ನಗಲಿ. ದೊಡ್ಡ ಕಂಪನಿಗಳು ಕೋಟಿಗಟ್ಟಲೆ ಕಳೆದುಕೊಂಡು ಕಲಿತ ಒಂದು ಪಾಠವನ್ನು ನಮ್ಮ ಹಿರಿಯರು ಚಾಕಲೇಟು ಮಾಡುವ ಬೀಜ ಕೊಕ್ಕೊದಲ್ಲಿ ಅದಕ್ಕೂ ಮೊದಲೇ ಕಲಿತಿದ್ದರು. ಈಗ ನಾವು ಅದನ್ನು ಆರಾಮವಾಗಿ ಮರೆಯುತ್ತಿದ್ದೇವೆ. ಅದಕ್ಕೇ ಇಷ್ಟುದ್ದ ಬರೆಯುತ್ತಿರುವುದು.

ಮೊದಲು ಕಂಪನಿಗಳ ಕಥೆ. 2000ದ ಮಾರ್ಚ್ 17ರಂದು ಅಮೆರಿಕದ ಆಲ್ಬುಕರ್ಕಿಯಲ್ಲಿದ್ದ ಫಿಲಿಪ್ಸ್ ಚಿಪ್ ಕಾರ್ಖಾನೆಗೆ ಸಿಡಿಲಿನಿಂದ ಬೆಂಕಿ ಬಿತ್ತು. ಹತ್ತೇ ನಿಮಿಷದಲ್ಲಿ ಆರಿಸಿದರು. ಆದರೆ ಹೊಗೆ, ಧೂಳು, ನೀರು ಸೇರಿ ಒಳಗಿನ ಮಾಲು ಹಾಳಾಯಿತು. ಆ ಚಿಪ್‌ಗಳನ್ನು ಮೊಬೈಲ್ ಫೋನ್ ಕಂಪನಿಗಳಾದ ನೋಕಿಯಾ, ಎರಿಕ್ಸನ್ ಎರಡೂ ಕೊಳ್ಳುತ್ತಿದ್ದವು. ನೋಕಿಯಾದವರು ಸುದ್ದಿ ಬಂದ ಕೂಡಲೇ ಓಡಾಡಿ ಬೇರೆ ಕಡೆಯಿಂದ ಚಿಪ್ ಹೊಂದಿಸಿಕೊಂಡರು. ಎರಿಕ್ಸನ್‌ಗೆ ಆ ಚಿಪ್ ಕೊಡುವವರು ಬೇರೆ ಯಾರೂ ಇರಲಿಲ್ಲ. ಸುಮಾರು 40 ಕೋಟಿ ಡಾಲರ್ ಹೊಡೆತ ಬಿತ್ತು. ಮರುವರ್ಷ ಸೋನಿ ಕಂಪನಿಯ ಜೊತೆ ಸೇರಿಕೊಂಡು ಫೋನ್ ಮಾಡುವ ಹಾಗಾಯಿತು.

ಮಾಲು ಇಟ್ಟುಕೊಳ್ಳದೆ ಬೇಕಾದಾಗ ಮಾತ್ರ ತರಿಸುವ ಪದ್ಧತಿಗೆ ಹೆಸರಾದ ಟೊಯೋಟಾ ಕೂಡ 2011ರ ಜಪಾನ್ ಭೂಕಂಪದ ನಂತರ ಸ್ವಲ್ಪ ಬದಲಾಯಿತು. ಚಿಪ್ ಮಾತ್ರ ತಿಂಗಳುಗಟ್ಟಲೆಗೆ ಆಗುವಷ್ಟು ಸ್ಟಾಕ್ ಇಟ್ಟುಕೊಳ್ಳಿ ಅಂತ ಸಪ್ಲೈಯರ್‌ಗಳಿಗೆ ಹೇಳಿತು. 2021ರಲ್ಲಿ ಚಿಪ್ ಸಿಗದೆ ಬೇರೆ ಕಾರ್ ಕಂಪನಿಗಳು ಲೈನ್ ನಿಲ್ಲಿಸಿದಾಗ ಇವರು ಉಳಿದವರಿಗಿಂತ ಜಾಸ್ತಿ ಸಮಯ ತಡೆದುಕೊಂಡರು.

ಇಲ್ಲಿ ಒಂದು ಸಣ್ಣ ಮಾತು. ನಮ್ಮ ಸಂಬಂಧಿಕ ಹುಡುಗ ಒಬ್ಬ ದೊಡ್ಡ ಕಂಪನಿಯ ಪರ್ಚೇಸ್ ವಿಭಾಗದಲ್ಲಿದ್ದಾನೆ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಸಿಕ್ಕಿದ.

"ಗೋಡೌನಲ್ಲಿ ಮಾಲು ಇಟ್ರೆ ದುಡ್ಡು ಸುಮ್ನೆ ಕೂತ ಹಾಗೆ ಭಾವ, ನಾವು ಇಡುವುದೇ ಇಲ್ಲ" ಅಂದ.

"ಹಾಗಾದ್ರೆ ಆ ಮಾಲು ಎಲ್ಲಿರ್ತದೆ?"

"ವೆಂಡರ್ ಹತ್ರ."

"ದುಡ್ಡು?"

ಹೋಳಿಗೆ ಮುರಿಯುತ್ತಾ ನಕ್ಕ. "ಅದೂ ಅವನದ್ದೇ. ತೊಂಬತ್ತು ದಿನ ಕ್ರೆಡಿಟ್ ಅಲ್ವಾ."

ಸ್ಟಾಕ್ ಕಡಿಮೆ ಮಾಡಿದೆವು ಅಂತ ಕಂಪನಿಗಳು ಹೆಮ್ಮೆಯಿಂದ ಹೇಳುವಾಗ ಮಾಲು ಕೊಟ್ಟವನು ದುಡ್ಡಿಗೆ ಕಾಯುವ ಆ ತೊಂಬತ್ತು ದಿನ ನನಗೆ ನೆನಪಾಗುತ್ತದೆ. ಎಷ್ಟೋ ಸಲ ಮಾಲು ಕಡಿಮೆ ಆಗಿರುವುದಿಲ್ಲ, ಕೈಲಾಗದವನ ಕೊಟ್ಟಿಗೆಗೆ ಹೋಗಿರುತ್ತದೆ.

ಈಗ ನಮ್ಮ ಊರಿಗೆ ಬರೋಣ. 1970ರ ದಶಕದಲ್ಲಿ ಅಡಿಕೆ ಮರಗಳ ನೆರಳಿನಲ್ಲಿ ಕೊಕ್ಕೊ ಹಾಕಿ, ನಾವು ಕೊಳ್ಳುತ್ತೇವೆ ಅಂತ ದೊಡ್ಡ ಚಾಕಲೇಟು ಕಂಪನಿಯೇ ಹೇಳಿದ್ದು. ನಮ್ಮವರು ಹಾಕಿದರು. 1980ರ ಹೊತ್ತಿಗೆ ಹೊರದೇಶದ ಮಾರುಕಟ್ಟೆಯಲ್ಲಿ ಬೆಲೆ ಬಿತ್ತು, ಕೊಳ್ಳುವವರು ಕೈ ತೆಗೆದರು. ಮರದಲ್ಲಿ ಕಾಯಿ ಇದೆ, ಊರಲ್ಲಿ ಕೇಳುವವರಿಲ್ಲ. ಎಷ್ಟೋ ಮಂದಿ ಗಿಡ ಕಡಿದು ಬಿಸಾಡಿದರು. ಎರಿಕ್ಸನ್‌ಗೆ ಕೊಡುವವನು ಒಬ್ಬನೇ ಇದ್ದ. ನಮಗೆ ಕೊಳ್ಳುವವನು ಒಬ್ಬನೇ ಇದ್ದ.

ಅಡಿಕೆಯ ಬೆಲೆ ಬಿದ್ದಾಗ ಇಷ್ಟು ಗತಿಗೆಡುವುದಿಲ್ಲ, ಯಾಕೆ? ಚಾಲಿ ಅಡಿಕೆ ಕಾಯುತ್ತದೆ. ಒಣಗಿಸಿ, ಸುಲಿದು, ಗೋಣಿಗೆ ತುಂಬಿ ಅಟ್ಟಕ್ಕೆ ಹಾಕಿದರೆ ಮುಂದಿನ ವರ್ಷ ಹಳತು ಅಂತ ಇನ್ನೂ ಒಳ್ಳೆ ದರಕ್ಕೆ ಹೋಗುತ್ತದೆ. ಮಗಳ ಮದುವೆಗೋ ಮನೆ ರಿಪೇರಿಗೋ ಬೇಕಾದಾಗ ಇಳಿಸಿದರಾಯಿತು. ಕೊಕ್ಕೊ ಹಾಗಲ್ಲ. ಕಾಯಿ ಒಡೆದು ಬೀಜ ತೆಗೆದರೆ ಬಿಳಿ ಲೋಳೆ ಕೈಗೆಲ್ಲ ಅಂಟುತ್ತದೆ, ಮರುದಿನಕ್ಕೇ ಹುಳಿ ವಾಸನೆ, ಮೇಲೆ ನುಸಿ. ಐದಾರು ದಿನ ಸರಿಯಾಗಿ ಹುಳಿ ಬರಿಸಿ ಆಮೇಲೆ ಒಣಗಿಸಬೇಕು, ಇಲ್ಲದಿದ್ದರೆ ಚಾಕಲೇಟಿನ ಪರಿಮಳವೇ ಬರುವುದಿಲ್ಲ. ಮೂರು ಕಿಲೋ ಹಸಿ ಬೀಜ ಒಣಗಿದರೆ ಸುಮಾರು ಒಂದು ಕಿಲೋ. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಜೂನ್ ತಿಂಗಳಲ್ಲಿ ಅಂಗಳದಲ್ಲಿ ಏನನ್ನು ಒಣಗಿಸುತ್ತೀರಿ? ಹಾಗಾಗಿ ಹಸಿ ಬೀಜ ಚೀಲದಲ್ಲಿ ಕಟ್ಟಿ ಸ್ಕೂಟರ್ ಹಿಂದೆ ಇಟ್ಟು ಹೊರಟವನಿಗೆ ಚೌಕಾಸಿ ಮಾಡುವ ಧೈರ್ಯವೇ ಇರುವುದಿಲ್ಲ. ವಾಪಸ್ ತಂದು ಏನು ಮಾಡುವುದು?

ಆಗ ಬಂದದ್ದು ಕ್ಯಾಂಪ್ಕೊ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಅಡಿಕೆಗಾಗಿ ಕಟ್ಟಿದ ಸಹಕಾರಿ ಸಂಸ್ಥೆ ಅದು. ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರದ್ದು, ಗಡಿ ನಮ್ಮ ಹೊಟ್ಟೆಗೆ ಅಡ್ಡ ಬರಲಿಲ್ಲ. ಕೊಕ್ಕೊ ಕೇಳುವವರಿಲ್ಲದಾಗ ಅವರೇ ಕೊಳ್ಳಲು ಶುರು ಮಾಡಿದರು. ಕೊಂಡ ಬೀಜವನ್ನು ಏನು ಮಾಡುವುದು ಅನ್ನುವ ಪ್ರಶ್ನೆಗೆ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆದರು. ಬೆಳೆಗಾರರು ಸೇರಿ ಚಾಕಲೇಟ್ ಕಂಪನಿ ಆಗುವುದು ಅಂದರೆ ಸಣ್ಣ ಕೆಲಸವಾ? ಇದನ್ನು ಎಂಬಿಎ ಮಕ್ಕಳಿಗೆ ನೋಕಿಯಾ ಕಥೆಯ ಪಕ್ಕದಲ್ಲಿಟ್ಟು ಕಲಿಸಬೇಕು ಅಂತ ನನ್ನ ಅಭಿಪ್ರಾಯ.

ಆಮೇಲೆ 2024 ಬಂತು. ಜಗತ್ತಿನ ಅರ್ಧಕ್ಕಿಂತ ಜಾಸ್ತಿ ಕೊಕ್ಕೊ ಬರುವ ಐವರಿ ಕೋಸ್ಟ್, ಘಾನಾದಲ್ಲಿ ಹವಾಮಾನ ಕೆಟ್ಟು, ರೋಗ ಬಂದು ಬೆಳೆ ಕುಸಿಯಿತು. ಮಾರ್ಚ್‌ನಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಟನ್ನಿಗೆ 10,000 ಡಾಲರ್ ದಾಟಿತು, ಡಿಸೆಂಬರ್‌ನಲ್ಲಿ 12,000 ಕೂಡ. ನಮ್ಮಲ್ಲಿ ಹಸಿ ಬೀಜ ಕಿಲೋಗೆ 300 ರೂಪಾಯಿಯ ಸುತ್ತ ಹೋಯಿತು. ಎಂದೂ ಮುಖ ಕಾಣದ ವ್ಯಾಪಾರಿಗಳು ಪಿಕಪ್ ತಂದು ಗೇಟಿನ ಹತ್ತಿರ ನಿಂತರು. ಕ್ಯಾಂಪ್ಕೊದಂಥ ಸಹಕಾರಿ ಸಂಘಕ್ಕಿಂತ ಕಿಲೋಗೆ ಐದು ರೂಪಾಯಿ ಜಾಸ್ತಿ, ಕೈಯಲ್ಲೇ ನಗದು. ಊರಿಗೆ ಊರೇ ಆ ಕಡೆ ಹೋಯಿತು. ಕೊಟ್ಟವರನ್ನು ನಾನು ಬೈಯುವುದಿಲ್ಲ, ಐದು ರೂಪಾಯಿ ಯಾರಿಗೆ ಬೇಡ? ಆದರೆ 2025ರ ಕೊನೆಗೆ ಅಂತರರಾಷ್ಟ್ರೀಯ ಬೆಲೆ ಅರ್ಧಕ್ಕಿಂತ ಕೆಳಗೆ ಇಳಿದಾಗ ಪಿಕಪ್ ಕಾಣಲಿಲ್ಲ. ಅದೇ ಮಂದಿ ಸಂಘದ ಕೌಂಟರಿನಲ್ಲಿ ನಿಂತು, "ದರ ಎಂತ ಇಷ್ಟು ಕಮ್ಮಿ ಮಾರಾಯ್ರೆ" ಅಂತ ಗಲಾಟೆ.

ಸಂಘ ಇರುವುದು ಎಲ್ಲರಿಗಿಂತ ಜಾಸ್ತಿ ದರ ಕೊಡಲಿಕ್ಕೆ ಅಂತ ನಾವು ತಿಳಿದುಕೊಂಡಿದ್ದೇವೆ. ನನ್ನ ಪ್ರಕಾರ ಅದು ಇರಬೇಕಾದ್ದು ಉಳಿದವರೆಲ್ಲ ಕೈ ತೆಗೆದ ದಿನ ಬಾಗಿಲು ತೆರೆದಿರಲಿಕ್ಕೆ. ಆ ಬಾಗಿಲು ತೆರೆದಿಡಲು ಖರ್ಚಿದೆ. ಒಳ್ಳೆ ದಿನಗಳಲ್ಲಿ ನಮ್ಮ ಮಾಲಿನ ಒಂದು ಪಾಲಾದರೂ ಅಲ್ಲಿಗೆ ಹೋಗದಿದ್ದರೆ ಆ ಖರ್ಚು ಎಲ್ಲಿಂದ ಬರಬೇಕು? ಟೊಯೋಟಾ ಚಿಪ್ ಇಡಿಸಿದ್ದೂ ಪುಕ್ಕಟೆಗೆ ಆಗಿರಲಿಕ್ಕಿಲ್ಲ.

ಹಾಗಂತ ಸಂಘಗಳದ್ದು ಏನೂ ತಪ್ಪಿಲ್ಲ ಅಂತಲ್ಲ. ಮಹಾಸಭೆಯಲ್ಲಿ ಡಿವಿಡೆಂಡು, ಊಟ, ಸನ್ಮಾನ, ಅಲ್ಲಿಗೆ ಮುಗಿಯುತ್ತದೆ. ಈ ಸಲ ನಮ್ಮ ಊರಿನ ಸಂಘದ ಸಭೆಯಲ್ಲಿ ನಾನು ಒಂದೇ ವಿಷಯ ಎತ್ತುತ್ತೇನೆ. ಹತ್ತು ಹದಿನೈದು ತೋಟಗಳಿಗೆ ಸೇರಿ ಹುಳಿ ಬರಿಸುವ ಪೆಟ್ಟಿಗೆ, ಸೌದೆಯಲ್ಲಿ ನಡೆಯುವ ಒಂದು ಡ್ರೈಯರ್ ಹಾಕಿಸಿ. ಒಣ ಬೀಜ ತಿಂಗಳುಗಟ್ಟಲೆ ಕಾಯುತ್ತದೆ. ಸಂಘಕ್ಕೆ ಕೊಡುವುದಾ, ಪಿಕಪ್‌ನವನಿಗೆ ಕೊಡುವುದಾ ಅಂತ ಮಳೆ ಬಿಟ್ಟ ಮೇಲೆ ಯೋಚಿಸಬಹುದು. ಯಾರ ಜಾಗದಲ್ಲಿ ಹಾಕುವುದು, ಸೌದೆಯ ಖರ್ಚು ಯಾರು ಕೊಡುವುದು, ಬೀಜ ಕೆಟ್ಟರೆ ಯಾರ ತಲೆಗೆ ಅನ್ನುವ ಜಗಳ ಗ್ಯಾರಂಟಿ. ನೀವು ಯಾರಾದರೂ ನಿಮ್ಮ ಕಡೆ ಹೀಗೆ ಸೇರಿ ಒಣಗಿಸುತ್ತಿದ್ದರೆ ಆ ಲೆಕ್ಕಾಚಾರ ಹೇಗೆ ಮಾಡಿಕೊಂಡಿದ್ದೀರಿ ಅಂತ ಬರೆಯಿರಿ, ಸಭೆಗೆ ಹೋಗುವಾಗ ಕೈಯಲ್ಲಿ ಏನಾದರೂ ಇರಲಿ.